ಅಪ್ಪ ಸುಡುವುದು ಹಳೆಯ ಬಿಸಿಲು

ಪ್ರಶ್ನೆ: ನಾವು ಶಕ್ತಿನಗರದ ಕಾಲೊನಿಯಲ್ಲಿದ್ದೇವೆ. ನಮ್ಮ ಯಜಮಾನರು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪಾಳಿ ಡ್ಯೂಟಿ ಮಾಡುತ್ತಾರೆ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು, ಮಗನಿಗೆ ನಾಲ್ಕು. ಡಿಸೆಂಬರ್ 14ಕ್ಕೆ ಇಂಧನ ಸಂರಕ್ಷಣಾ ದಿನ ಅಂತ ಅವಳ ಶಾಲೆಯಲ್ಲಿ ಚಾರ್ಟ್ ಬರೆಸಿದರು. ಸೂರ್ಯ, ಗಾಳಿ, ನೀರಿನ ಪಕ್ಕ ನಗುವ ಮುಖ. ಕಲ್ಲಿದ್ದಲಿನ ಪಕ್ಕ ಅಳುವ ಮುಖ. ಅವತ್ತು ರಾತ್ರಿ ಡ್ಯೂಟಿಗೆ ಹೊರಟಿದ್ದ ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ, ‘ಅಪ್ಪಾ, ನೀ ಕಲ್ಲಿದ್ದಲು ಸುಡೋದಕ್ಕೇ ಭೂಮಿಗೆ ಜ್ವರ ಬಂದದಂತ, ಖರೇ ಏನು?’ ಅಂತ ಕೇಳಿದಳು. ಅವರು ಏನೂ ಹೇಳದೆ ಹೋದರು. ಮರುದಿನ ಶಾಲೆಗೆ ಹೋಗಿ ಟೀಚರ್ ಜೊತೆ ಜಗಳ ಮಾಡುತ್ತೇನೆ ಅಂದರು, ನಾನೇ ತಡೆದೆ.

ಅಂದಿನಿಂದ ಹುಡುಗಿ ಮನೆಯಲ್ಲಿ ಸ್ವಿಚ್ ಆರಿಸುತ್ತಾ ಓಡಾಡುತ್ತಾಳೆ. ಅಜ್ಜ ಮಲಗಿದ್ದಾಗ ಫ್ಯಾನ್ ಆರಿಸುತ್ತಾಳೆ, ಒಮ್ಮೆ ಫ್ರಿಜ್ ಕೂಡ ಆರಿಸಿದ್ದಳು. ಲಿಂಗಸುಗೂರು ಕಡೆಯ ನಮ್ಮ ಊರಿಗೆ ಹೋದಾಗ ಅಜ್ಜಿಯ ಕಟ್ಟಿಗೆ ಒಲೆ ನೋಡಿ, ‘ನೀನೂ ಹೊಗೆ ಬಿಡ್ತಿ’ ಅಂತ ಬೈದಳು. ರಾತ್ರಿ ‘ಕಲ್ಲಿದ್ದಲು ಮುಗಿದರೆ ನಾವು ಎಲ್ಲಿಗೆ ಹೋಗೋದು’ ಅಂತ ಅಳುತ್ತಾಳೆ. ಈಗ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ‘ನವೀಕರಿಸಬಹುದಾದ ಶಕ್ತಿ’ ಮೇಲೆ ಮಾದರಿ ಮಾಡಿ ತರಲು ಹೇಳಿದ್ದಾರೆ. ನಾನು ಓದಿದ್ದು ಬಿ.ಕಾಂ. ಇದನ್ನೆಲ್ಲ ಮಗುವಿಗೆ ಹೇಗೆ ಹೇಳಿಕೊಡಲಿ? ಅಪ್ಪ-ಮಗಳ ನಡುವೆ ಬಂದಿರುವುದನ್ನು ಹೇಗೆ ಸರಿಮಾಡಲಿ?

— ಹೆಸರು ಬೇಡ, ರಾಯಚೂರು ಜಿಲ್ಲೆ

ಉತ್ತರ: ಮೊದಲು ರಾತ್ರಿಯ ಅಳುವಿನ ವಿಚಾರ ನೋಡೋಣ ತಾಯಿ, ವಿಜ್ಞಾನ ಆಮೇಲೆ.

ಅವಳು ಕೇಳುತ್ತಿರುವುದು ಕಲ್ಲಿದ್ದಲಿನ ಲೆಕ್ಕವನ್ನಲ್ಲ. ‘ಎಲ್ಲಿಗೆ ಹೋಗೋದು’ ಎನ್ನುವ ಮಾತು ಚಾರ್ಟಿನಲ್ಲಿ ಇರಲಾರದು. ಕಲ್ಲಿದ್ದಲಿನ ಕಾಲ ಮುಗಿಯಿತು, ಇನ್ನು ಎಲ್ಲ ಸೋಲಾರ್ ಎಂದು ದೊಡ್ಡವರು ಕಟ್ಟೆಯ ಮೇಲೆ ಕೂತು ಆಡಿದ ಮಾತು ಅವಳ ಕಿವಿಗೂ ಬಿದ್ದಿರುತ್ತದೆ. ಶಾಲೆಯ ಅಳುಮುಖವೂ ಕಟ್ಟೆಯ ಮಾತೂ ಸೇರಿ ಅವಳ ಮನಸ್ಸಿನಲ್ಲಿ ಎರಡು ಪ್ರಶ್ನೆ ಎದ್ದಿವೆ: ನನ್ನ ಅಪ್ಪ ಕೆಟ್ಟವನೇ? ನಮ್ಮ ಮನೆ ಉಳಿಯುತ್ತದೆಯೇ? ಇವಕ್ಕೆ ಉತ್ತರ ಸಿಗುವವರೆಗೆ ನೀವು ಎಷ್ಟು ಚೆನ್ನಾಗಿ ಗಾಳಿಯಂತ್ರ ವಿವರಿಸಿದರೂ ಅದು ತಲೆಗೆ ಇಳಿಯುವುದಿಲ್ಲ.

ಉತ್ತರ ಕೊಡಬೇಕಾದವರು ನಿಮ್ಮ ಯಜಮಾನರು. ನೀವಲ್ಲ, ನಾನಂತೂ ಅಲ್ಲ. ರಾತ್ರಿ ಪಾಳಿ ಇಲ್ಲದ ದಿನ, ಊಟವಾದ ಮೇಲೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೇ ಹೇಳಲಿ. ‘ಹೌದವ್ವಾ, ನಾವು ಕಲ್ಲಿದ್ದಲು ಸುಡ್ತೀವಿ. ಹೊಗೆ ಬರ್ತದ. ಆ ಹೊಗೆ ಜಾಸ್ತಿ ಆದರೆ ಭೂಮಿ ಬಿಸಿ ಆಗ್ತದ, ನಿಮ್ಮ ಟೀಚರ್ ಹೇಳಿದ್ದು ಖರೇ. ಆದರ ಇವತ್ತು ರಾತ್ರಿ ದವಾಖಾನಿಯೊಳಗ ದೀಪ ಉರೀಬೇಕಲ್ಲ, ಅದಕ್ಕ ನಾನು ಹೋಗ್ತೀನಿ. ಹೊಗೆ ಇಲ್ಲದೆ ಕರೆಂಟ್ ಮಾಡೋ ದಾರಿ ಭಾಳ ಮಂದಿ ಕಲಿಯಾಕತ್ತಾರ, ನಾನೂ ಕಲೀತೀನಿ. ನೀ ಸಣ್ಣಾಕಿ, ಇದನ್ನ ಸರಿ ಮಾಡೋ ಕೆಲಸ ದೊಡ್ಡವರದು.’ ಇಷ್ಟು ಸಾಕು. ‘ನಮ್ಮ ಹೊಗೆಯಿಂದ ಏನೂ ಆಗಲ್ಲ, ಟೀಚರಿಗೆ ಗೊತ್ತಿಲ್ಲ’ ಎಂದು ಮಾತ್ರ ಹೇಳಬೇಡಿ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ತೆಗೆದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇವತ್ತು ಇಲ್ಲವೆಂದು ಹೇಳಿದರೆ ಹನ್ನೆರಡನೇ ವಯಸ್ಸಿಗೆ ಅವಳೇ ಓದಿ ತಿಳಿಯುತ್ತಾಳೆ. ಆಗ ಅಪ್ಪನ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ಅಮೆರಿಕದ ಪರಿಸರ ಶಿಕ್ಷಣ ತಜ್ಞ ಡೇವಿಡ್ ಸೋಬೆಲ್ 1990ರ ದಶಕದಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ನಾಲ್ಕನೇ ತರಗತಿಗಿಂತ ಮೊದಲು ಮಕ್ಕಳ ಮುಂದೆ ಪರಿಸರದ ದುರಂತಗಳನ್ನು ಹರಡಬೇಡಿ, ಪ್ರಕೃತಿಯ ಮೇಲೆ ಪ್ರೀತಿ ಹುಟ್ಟುವ ಮುನ್ನ ಭಯ ಹುಟ್ಟಿಬಿಡುತ್ತದೆ ಎಂಬುದು ಅವರ ವಾದ. ಬಹುಮಟ್ಟಿಗೆ ಒಪ್ಪುವ ಮಾತೇ. ಆದರೆ ಕಿಟಕಿ ತೆರೆದರೆ ಚಿಮಣಿ ಕಾಣುವ ಮನೆಯ ಮಗುವಿಗೆ ಇದನ್ನು ಮುಚ್ಚಿಡಲು ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಆಗಬೇಕಾದದ್ದು, ಅವಳು ಭಯದಿಂದ ನೋಡುತ್ತಿರುವುದನ್ನು ಕುತೂಹಲದಿಂದ ನೋಡುವಂತೆ ಮಾಡುವುದು. ಅದಕ್ಕೆ ಶಕ್ತಿನಗರದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. (ಅಳು ವಾರಗಟ್ಟಲೆ ನಿಲ್ಲದಿದ್ದರೆ, ಊಟ ಬಿಟ್ಟರೆ, ಶಾಲೆಗೆ ಹೋಗಲು ಹೆದರಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ನೀವೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು.)

ಇನ್ನು ಕಲಿಸುವ ವಿಚಾರ. ಬಿ.ಕಾಂ. ಎಂದು ಹಿಂಜರಿಯಬೇಡಿ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1966ರಲ್ಲಿ ವಿಜ್ಞಾನ ಶಿಕ್ಷಕರ ಸಭೆಯೊಂದರಲ್ಲಿ ಒಂದನೇ ತರಗತಿಯ ಪುಸ್ತಕವೊಂದನ್ನು ತರಾಟೆಗೆ ತೆಗೆದುಕೊಂಡಿದ್ದರು. ಆ ಪುಸ್ತಕದಲ್ಲಿ ಕೀಲಿ ಕೊಟ್ಟರೆ ಓಡುವ ಆಟಿಕೆ ನಾಯಿ, ನಿಜವಾದ ನಾಯಿ, ಮೋಟಾರ್ ಸೈಕಲ್ ಚಿತ್ರ ಹಾಕಿ, ಪ್ರತಿಯೊಂದಕ್ಕೂ ‘ಇದನ್ನು ಓಡಿಸುವುದು ಯಾವುದು’ ಎಂದು ಕೇಳಿದ್ದರು. ಎಲ್ಲದಕ್ಕೂ ಒಂದೇ ಉತ್ತರ: ಶಕ್ತಿ. ಇದರಿಂದ ಮಗು ಕಲಿತದ್ದೇನು ಎಂಬುದು ಫೈನ್‌ಮನ್ ಅವರ ತಕರಾರು. ದೇವರು ಓಡಿಸುತ್ತಾನೆ ಎಂದಿದ್ದರೂ ಅಷ್ಟೇ ಆಗುತ್ತಿತ್ತು. ಆಟಿಕೆ ಬಿಚ್ಚಿ ಒಳಗಿನ ಸ್ಪ್ರಿಂಗ್ ತೋರಿಸಿ, ಅದನ್ನು ಸುತ್ತಿದ್ದು ಯಾರ ಕೈ, ಆ ಕೈಗೆ ಬಲ ಎಲ್ಲಿಂದ ಬಂತು ಎಂದು ಕೇಳುತ್ತಾ ಹೋಗಿ ಎಂದರು. ಕೊನೆಗೆ ಅದು ಸೂರ್ಯನಿಗೆ ಹೋಗಿ ಮುಟ್ಟುತ್ತದೆ.

ನಿಮ್ಮ ಮಗಳ ಚಾರ್ಟಿನ ತೊಂದರೆಯೂ ಇದೇ. ಅಲ್ಲಿ ಇದು ಒಳ್ಳೆಯದು, ಅದು ಕೆಟ್ಟದ್ದು ಎಂಬ ಚೀಟಿ ಇದೆ. ಯಾವುದು ಎಲ್ಲಿಂದ ಬಂತು ಎಂಬ ಕಥೆಯಿಲ್ಲ. ಏಳು ವರ್ಷದ ಮಗುವಿಗೆ ‘ನವೀಕರಿಸಬಹುದಾದ’ ಎಂಬ ಉದ್ದ ಪದ ಬೇಡವೇ ಬೇಡ. ‘ಅದಕ್ಕೂ ಮುಂಚೆ ಎಲ್ಲಿತ್ತು?’ ಎಂಬ ಪ್ರಶ್ನೆಯೊಂದು ಸಾಕು.

ರೊಟ್ಟಿಯಿಂದ ಶುರುಮಾಡಿ. ನೀನು ಓಡುವುದಕ್ಕೆ ಬಲ ಎಲ್ಲಿಂದ ಬಂತು? ರೊಟ್ಟಿಯಿಂದ. ರೊಟ್ಟಿ? ಜೋಳದಿಂದ. ಜೋಳ? ಹೊಲದಿಂದ. ಹೊಲದಲ್ಲಿ ಜೋಳದ ಎಲೆ ಏನು ತಿಂದಿತು? ಬಿಸಿಲು, ನೀರು, ಗಾಳಿ. ಸೀತನಿ ತಿನ್ನಲು ಊರಿಗೆ ಹೋದಾಗ ಹೊಲದಲ್ಲೇ ನಿಂತು ಇದನ್ನು ಮಾತಾಡಿದರೆ ಇನ್ನೂ ಚೆನ್ನ. ಎರಡು ದಿನ ಬಿಟ್ಟು ಇದೇ ಪ್ರಶ್ನೆಯನ್ನು ಕಲ್ಲಿದ್ದಲಿಗೆ ಕೇಳಿ. ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬಂತು. ಅದಕ್ಕೂ ಮುಂಚೆ? ಭೂಮಿಯ ಒಳಗಿತ್ತು. ಅದಕ್ಕೂ ಮುಂಚೆ? ಅಲ್ಲಿ ಅಪ್ಪ ಹೇಳಬೇಕಾದ ಕಥೆ ಇದೆ: ಸುಮಾರು ಇಪ್ಪತ್ತೈದು-ಮೂವತ್ತು ಕೋಟಿ ವರ್ಷಗಳ ಹಿಂದೆ, ಮನುಷ್ಯರಿಲ್ಲ, ಡೈನೋಸಾರ್ ಕೂಡ ಇನ್ನೂ ಹುಟ್ಟಿಲ್ಲ, ಜೌಗು ನೆಲದಲ್ಲಿ ದೊಡ್ಡ ಕಾಡು ಬೆಳೆದಿತ್ತು. ಆ ಗಿಡಮರಗಳೂ ಜೋಳದಂತೆ ಬಿಸಿಲು ತಿಂದೇ ಬೆಳೆದವು. ಬಿದ್ದವು, ಕೆಸರಿನಲ್ಲಿ ಹೂತುಹೋದವು, ಮೇಲೆ ಮಣ್ಣು ಕೂತು ಒತ್ತಿ ಒತ್ತಿ ಕರಿಕಲ್ಲಾದವು. ಅಪ್ಪ ಸುಡುತ್ತಿರುವುದು ಆ ಹಳೆಯ ಬಿಸಿಲನ್ನು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹಿಡಿಯುವುದು ಇವತ್ತಿನ ಬಿಸಿಲು.

ಇಷ್ಟು ತಿಳಿದ ಮಗುವಿಗೆ ತೊಡಕು ಎಲ್ಲಿದೆ ಎಂಬುದೂ ತಾನಾಗಿ ಹೊಳೆಯುತ್ತದೆ. ಕೋಟಿ ಕೋಟಿ ವರ್ಷ ಕೂಡಿಟ್ಟದ್ದನ್ನು ನಾವು ನೂರಿನ್ನೂರು ವರ್ಷದಲ್ಲಿ ಸುಡುತ್ತಿದ್ದೇವೆ, ಹೊಗೆಯೂ ಅಷ್ಟೇ ಬೇಗ ಬರುತ್ತಿದೆ. ಇಲ್ಲೊಂದು ಮಾತು. ಕಲ್ಲಿದ್ದಲು ಮುಗಿದೇ ಹೋಗುತ್ತದೆ ಎಂದು ಮಕ್ಕಳನ್ನು ಹೆದರಿಸುವುದು ನಮ್ಮ ಪಾಠಗಳ ಹಳೆಯ ಚಾಳಿ. ಭಾರತದ ನೆಲದಡಿ ಇನ್ನೂ ಸಾವಿರಾರು ಕೋಟಿ ಟನ್ ಇದೆ. ನಿಮ್ಮ ಮಗಳ ಕಾಲದಲ್ಲಿ ಅದು ಖಾಲಿಯಾಗುವುದಿಲ್ಲ. ಅವಳು ಅಳುತ್ತಿರುವುದು ಆಗದ ಸಂಗತಿಗೆ ಎಂದು ಧೈರ್ಯವಾಗಿ ಹೇಳಿ. ಚಿಂತೆ ಇರುವುದು ಹೊಗೆಯದ್ದು, ಖಾಲಿಯಾಗುವುದರದ್ದಲ್ಲ. ‘ಹಂಗಾದ್ರ ಸೂರ್ಯ ಮುಗಿದರ?’ ಎಂದು ಖಂಡಿತ ಕೇಳುತ್ತಾಳೆ. ಇನ್ನೂ ಸುಮಾರು ಐನೂರು ಕೋಟಿ ವರ್ಷ ಉರಿಯುತ್ತಾನೆ ಎಂದು ಹೇಳಿ ಮಲಗಿಸಿ.

ಕೈಯಿಂದ ಮಾಡಿ ನೋಡುವುದು ಇದಕ್ಕಿಂತ ಮುಖ್ಯ. ಗಟ್ಟಿ ಕಾಗದದ ಒಂದು ಗಿರಗಿಟ್ಲೆ ಮಾಡಿ. ಅದನ್ನು ಹಿಡಿದು ಅವಳು ಅಂಗಳದಲ್ಲಿ ಓಡಲಿ, ತಿರುಗುತ್ತದೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರ ಅದೇ. ಪ್ಲಾಸ್ಟಿಕ್ ಹಾಳೆಯಲ್ಲಿ ಇನ್ನೊಂದು ಮಾಡಿ ನಲ್ಲಿಯ ಕೆಳಗೆ ಹಿಡಿಯಿರಿ. ಶರಾವತಿಯಲ್ಲಿ ಆಗುವುದು ಅದೇ. ಮೂರನೆಯದನ್ನು ಅಪ್ಪನೇ ಮಾಡಬೇಕು, ಮಕ್ಕಳು ದೂರ ನಿಲ್ಲಬೇಕು: ಕುದಿಯುವ ಕೆಟಲ್ಲಿನ ಮೂತಿಯಿಂದ ಹೊರಡುವ ಹಬೆಗೆ, ಉದ್ದನೆಯ ಕಡ್ಡಿಗೆ ಸಿಕ್ಕಿಸಿದ ಗಿರಗಿಟ್ಲೆ ಹಿಡಿಯುವುದು. ಅದು ಶಕ್ತಿನಗರ. ಕಲ್ಲಿದ್ದಲು ನೀರು ಕಾಯಿಸುತ್ತದೆ, ಹಬೆ ಚಕ್ರ ತಿರುಗಿಸುತ್ತದೆ, ಚಕ್ರ ಕರೆಂಟ್ ಹುಟ್ಟಿಸುತ್ತದೆ. 1985ರಿಂದ ಅಲ್ಲಿ ನಡೆಯುತ್ತಿರುವ ಕೆಲಸ ಇಷ್ಟೇ. ಈಗ ಎಂಟು ಘಟಕ ಸೇರಿ 1,720 ಮೆಗಾವ್ಯಾಟ್. ಮೂರೂ ಕಡೆ ತಿರುಗುವುದು ಚಕ್ರವೇ, ತಿರುಗಿಸುವವರು ಮಾತ್ರ ಬೇರೆ ಎಂದು ಅವಳೇ ಹೇಳುವವರೆಗೆ ಕಾಯಿರಿ. ನೀವು ಮೊದಲೇ ಹೇಳಿಬಿಟ್ಟರೆ ಆಟದ ಸೊಗಸು ಹೋಯಿತು.

ನಾಲ್ಕನೆಯದಾದ ಸೋಲಾರ್ ಹಲಗೆಯಲ್ಲಿ ತಿರುಗುವುದು ಏನೂ ಇಲ್ಲ. ಸಿಲಿಕಾನ್ ತಟ್ಟೆಯ ಮೇಲೆ ಬೆಳಕು ಬಿದ್ದರೆ ನೇರವಾಗಿ ಕರೆಂಟ್ ಹರಿಯುತ್ತದೆ. ಇಲ್ಲಿ ದೊಡ್ಡವರೂ ಎಡವುತ್ತಾರೆ. ಅದಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ರಾಯಚೂರಿನ ಮೇ ತಿಂಗಳ ಉರಿಯಲ್ಲಿ ಹಲಗೆ ಕಾದಷ್ಟೂ ಅದರ ಕೆಲಸ ಕೊಂಚ ಕುಗ್ಗುತ್ತದೆ. ಮಾಳಿಗೆಯ ಮೇಲೆ ಸ್ನಾನದ ನೀರು ಕಾಯಿಸುವ ಸೋಲಾರ್ ಬೇರೆ ಜಾತಿ; ಅದು ಶಾಖವನ್ನೇ ಹಿಡಿಯುತ್ತದೆ. ಎರಡು ಡಬ್ಬಿಗೆ ನೀರು ಹಾಕಿ, ಒಂದಕ್ಕೆ ಕಪ್ಪು, ಒಂದಕ್ಕೆ ಬಿಳಿ ಬಣ್ಣ ಬಳಿದು ಒಂದು ಮಧ್ಯಾಹ್ನ ಬಿಸಿಲಿಗಿಡಿ. ಸಂಜೆ ಮಕ್ಕಳಿಬ್ಬರೂ ಬೆರಳು ಅದ್ದಿ ನೋಡಲಿ.

ನಿಮ್ಮ ನಾಲ್ಕು ವರ್ಷದವನಿಗೆ ಇಷ್ಟೇ ಸಾಕು. ಬೆರಳಿಗೆ ತಾಗಿದ ಬಿಸಿ, ಕೆನ್ನೆಗೆ ಬಡಿದ ಗಾಳಿ, ನೀರಿಗೆ ತಿರುಗುವ ಚಕ್ರ. ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮರ ಅಲ್ಲಾಡಿದ್ದಕ್ಕೆ ಬರುತ್ತದೆ ಎನ್ನುತ್ತಾನೆ. ಮನೋವಿಜ್ಞಾನಿ ಪಿಯಾಜೆ ಯೂರೋಪಿನ ಮಕ್ಕಳಿಂದಲೂ ಇದೇ ಬಗೆಯ ಉತ್ತರ ದಾಖಲಿಸಿದ್ದಾರೆ. ತಿದ್ದುವ ಅವಸರ ಬೇಡ.

ಈಗ ಒಳ್ಳೆಯದು-ಕೆಟ್ಟದ್ದರ ಪ್ರಶ್ನೆ. ಎಲ್ಲ ಸೋಲಾರ್ ಮಾಡಿದರೆ ಆಗದೇ ಎಂದು ಅವಳು ಕೇಳಿದಾಗ ನಿಮ್ಮ ಮನೆಗೆ ಸಲೀಸಾಗಿ ಸಿಗುವ ಹೋಲಿಕೆ ಪಾಳಿಯದು. ಸೂರ್ಯನಿಗೆ ಹಗಲು ಪಾಳಿ ಮಾತ್ರ. ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು; ಅಂಕಿಯಲ್ಲಿ ಅಪ್ಪನ ಸ್ಥಾವರಕ್ಕಿಂತ ದೊಡ್ಡದು. ಆದರೆ ಸಂಜೆ ಏಳಕ್ಕೆ, ಎಲ್ಲ ಮನೆಗಳಲ್ಲಿ ದೀಪ ಹೊತ್ತುವ ಸಮಯಕ್ಕೆ ಸರಿಯಾಗಿ, ಅದರದ್ದು ಸೊನ್ನೆ. ಗಾಳಿಗೆ ಮಳೆಗಾಲದಲ್ಲಿ ಹುರುಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಶರಾವತಿಯ ಚಕ್ರಗಳನ್ನು ಬೇಕೆಂದಾಗ ಕೆಲವೇ ನಿಮಿಷದಲ್ಲಿ ತಿರುಗಿಸಬಹುದು, ಆದರೆ ಲಿಂಗನಮಕ್ಕಿ ಜಲಾಶಯದಲ್ಲಿ ನೀರಿರಬೇಕು. ಮಿಕ್ಕ ಪಾಳಿ ತುಂಬುವವರು ಅಪ್ಪನಂಥವರು. ಆಷಾಢದ ಗಾಳಿ ಬೀಸಿ, ಜಲಾಶಯ ತುಂಬಿ, ಕರೆಂಟಿನ ಬೇಡಿಕೆ ಇಳಿದಾಗ ಉಷ್ಣ ಸ್ಥಾವರದ ಘಟಕಗಳನ್ನು ನಿಲ್ಲಿಸುವುದುಂಟು. ಇದನ್ನು ನಿಮ್ಮ ಯಜಮಾನರು ನನಗಿಂತ ಚೆನ್ನಾಗಿ ಬಲ್ಲರು. ಹಗಲ ಬಿಸಿಲನ್ನು ರಾತ್ರಿಗೆ ಕೂಡಿಡುವ ದೊಡ್ಡ ಬ್ಯಾಟರಿಗಳು ಬರುತ್ತಿವೆ, ಅವು ಬಂದಷ್ಟೂ ಕಲ್ಲಿದ್ದಲಿನ ಪಾಳಿ ಕಡಿಮೆಯಾಗುತ್ತದೆ ಎಂಬುದನ್ನೂ ಅವರ ಬಾಯಲ್ಲೇ ಕೇಳಿದರೆ ಮಗುವಿನ ಹೆದರಿಕೆ ಅರ್ಧ ಇಳಿಯುತ್ತದೆ.

ನಗುಮುಖದವರ ಬಗ್ಗೆಯೂ ಮುಂದೊಂದು ದಿನ ಹೇಳಬೇಕಾದದ್ದಿದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರುಗಳು ಮುಳುಗಿದವು; ಶರಾವತಿಯ ಮುಳುಗಡೆಯ ಜನ ಇವತ್ತಿಗೂ ಭೂಮಿಯ ಹಕ್ಕಿಗಾಗಿ ಕಚೇರಿ ಅಲೆಯುತ್ತಿದ್ದಾರೆ. ಪಾವಗಡದಲ್ಲಿ ಜಮೀನಿದ್ದವರಿಗೆ ಗುತ್ತಿಗೆಯ ಹಣ ಬರುತ್ತದೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬರುವುದಿಲ್ಲ. ಇದು ಅವಳಿಗೆ ಹತ್ತು ವರ್ಷ ತುಂಬಿದ ಮೇಲಿನ ಮಾತು. ಕೈಗಾದ ಅಣು ಸ್ಥಾವರವೂ ಅಲ್ಲಿಯವರೆಗೆ ಕಾಯಲಿ. ಅದರ ಇಂಧನವಾದ ಯುರೇನಿಯಂ ಮಾತ್ರ ನಮ್ಮ ಬಿಸಿಲಿನ ಸರಪಳಿಗೆ ಸೇರುವುದಿಲ್ಲ.

ಅಜ್ಜಿಯ ಒಲೆ ಮಾತ್ರ ಈಗಲೇ ಬೇಕು, ಏಕೆಂದರೆ ಅಲ್ಲಿ ಮನಸ್ಸು ನೊಂದಿದೆ. ಹತ್ತಿಕಟ್ಟಿಗೆ, ಕುಳ್ಳು ವರ್ಷ ವರ್ಷ ಹುಟ್ಟುವ ಉರುವಲು. ಶಾಲೆಯ ಲೆಕ್ಕದಲ್ಲಿ ಅದಕ್ಕೆ ನಗುಮುಖವೇ ಬರಬೇಕು! ಆದರೂ ಅದರ ಹೊಗೆ ಅಜ್ಜಿಯ ಕಣ್ಣಿಗೆ, ಎದೆಗೆ ಕೆಟ್ಟದ್ದು. ಮತ್ತೆ ಹುಟ್ಟುವುದೆಲ್ಲ ಶುದ್ಧವಲ್ಲ ಎಂಬುದು ದೊಡ್ಡವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಬೈಯುವ ಬದಲು ‘ಅಜ್ಜಿ, ನಿನ್ನ ಕಣ್ಣು ಉರಿಯೋದಿಲ್ಲೇನು?’ ಎಂದು ಕೇಳಲು ಕಲಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಜ್ಜಿಯಂಥವರಿಗಾಗಿಯೇ ಕಡಿಮೆ ಕಟ್ಟಿಗೆಯ, ಹೊಗೆ ಹೊರಗೆ ಕಳಿಸುವ ಅಸ್ತ್ರ ಒಲೆ ಮಾಡಿದ್ದರು ಎಂದೂ ಹೇಳಿ.

ಸ್ವಿಚ್ ಆರಿಸುವ ಕಾವಲುಗಾರಿಕೆಗೆ ಬೈಗುಳ ಮದ್ದಲ್ಲ, ಅವಳಿಗೆ ಲೆಕ್ಕ ಕೊಡಿ. ಮನೆಯ ಡಿಜಿಟಲ್ ಮೀಟರಿನಲ್ಲಿ ಮಿಣುಕುವ ಸಣ್ಣ ಕೆಂಪು ದೀಪವಿರುತ್ತದೆ. ಎಷ್ಟು ಮಿಣುಕಿದರೆ ಒಂದು ಯೂನಿಟ್ ಎಂಬುದು ಮೀಟರಿನ ಮೇಲೇ ಬರೆದಿರುತ್ತದೆ, ಕೆಲವುಗಳಲ್ಲಿ 1,600, ಕೆಲವುಗಳಲ್ಲಿ 3,200. ದೂರದಿಂದ ನೋಡಿ ಎಣಿಸಲಿ. ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ದೀಪವೊಂದೇ ಉರಿಯುವಾಗ ಆಗೊಮ್ಮೆ ಈಗೊಮ್ಮೆ ಮಿಣುಕುತ್ತದೆ. ಇಸ್ತ್ರಿ ಪೆಟ್ಟಿಗೆ ಅಥವಾ ಗೀಸರ್ ಹಾಕಿದ ಕೂಡಲೇ ಪಟಪಟ ಅನ್ನತೊಡಗುತ್ತದೆ. ಒಂಬತ್ತು ವ್ಯಾಟಿನ ಎಲ್‌ಇಡಿ ದೀಪ ಇಡೀ ದಿನ, ಇಡೀ ರಾತ್ರಿ ಉರಿದರೆ ಆಗುವ ಖರ್ಚನ್ನು ಎರಡು ಸಾವಿರ ವ್ಯಾಟಿನ ಗೀಸರ್ ಏಳು ನಿಮಿಷದೊಳಗೆ ಮುಗಿಸುತ್ತದೆ. ಇದು ಗೊತ್ತಾದ ದಿನ ಅವಳು ಅಜ್ಜನ ಫ್ಯಾನ್ ಬಿಟ್ಟು ನಿಮ್ಮ ಸ್ನಾನದ ಮೇಲೆ ಕಣ್ಣಿಡುತ್ತಾಳೆ, ಅದಕ್ಕೆ ಸಿದ್ಧರಾಗಿರಿ! ಫ್ರಿಜ್ ಮತ್ತು ಅಜ್ಜನ ಫ್ಯಾನ್ ಮುಟ್ಟುವಂತಿಲ್ಲ ಎಂಬ ನಿಯಮ ಈಗಲೇ ಮಾಡಿ. ಬದಲಿಗೆ ವರಾಂಡದ ದೀಪವನ್ನು ಅವಳ ಪಾಲಿಗೆ ಬಿಡಿ.

ಇಸ್ತ್ರಿ ಪೆಟ್ಟಿಗೆಯ ಲೆಕ್ಕದಲ್ಲಿ ಇನ್ನೊಂದು ಆಟವಿದೆ. ಸಾವಿರ ವ್ಯಾಟಿನದು ಒಂದು ಗಂಟೆ ಸತತ ಕಾದರೆ ಒಂದು ಯೂನಿಟ್; ಒಂದು ಯೂನಿಟ್‌ಗೆ ಸುಡಬೇಕಾದ ಕಲ್ಲಿದ್ದಲು ಮುಕ್ಕಾಲು ಕಿಲೋ ಹತ್ತಿರ. ಅಷ್ಟು ತೂಕದ ಕಲ್ಲು ಅವಳ ಕೈಯಲ್ಲಿಡಿ. ಆಮೇಲೆ ಕಲ್ಲಿದ್ದಲಿನ ರೈಲು ಬಂದಾಗ ವ್ಯಾಗನ್ ಎಣಿಸಲು ಹೇಳಿ. ಸಾಮಾನ್ಯವಾಗಿ 58 ಅಥವಾ 59 ಇರುತ್ತವೆ, ಸುಮಾರು ನಾಲ್ಕು ಸಾವಿರ ಟನ್. ಎಂಟೂ ಘಟಕ ಪೂರ್ತಿ ಓಡಿದರೆ ದಿನಕ್ಕೆ ಇಂಥವು ಏಳೆಂಟು ಬೇಕು. ಅಪ್ಪನ ಕೆಲಸ ಎಷ್ಟು ದೊಡ್ಡದು, ಅದನ್ನು ಬದಲಾಯಿಸುವುದು ಯಾಕೆ ನಾಳೆ ಬೆಳಗ್ಗೆ ಆಗುವ ಮಾತಲ್ಲ, ಎರಡೂ ಇದೊಂದೇ ಲೆಕ್ಕದಲ್ಲಿ ತಿಳಿಯುತ್ತದೆ.

ಶಾಲೆಗೆ ಜಗಳಕ್ಕೆ ಹೋಗುವುದನ್ನು ತಡೆದದ್ದು ಒಳ್ಳೆಯದಾಯಿತು. ಹೋಗಲಿ, ಆದರೆ ಕೆಟಲ್ ಮತ್ತು ಗಿರಗಿಟ್ಲೆ ಹಿಡಿದುಕೊಂಡು. ಆ ತರಗತಿಯಲ್ಲಿ ಅರ್ಧ ಮಕ್ಕಳ ಅಪ್ಪಂದಿರು ಸ್ಥಾವರದವರೇ ಇದ್ದಾರು. ಕರೆಂಟ್ ಹೇಗೆ ಹುಟ್ಟುತ್ತದೆ ಎಂದು ಹತ್ತು ನಿಮಿಷ ತೋರಿಸಿ ಬರುತ್ತೇನೆ ಎಂದರೆ ಯಾವ ಟೀಚರೂ ಬೇಡವೆನ್ನಲಾರರು. ಉಷ್ಣ ಸ್ಥಾವರಗಳ ದಪ್ಪ ಗೋಪುರದಿಂದ ಏಳುವ ಬಿಳಿಯ ಮೋಡ ಹೊಗೆಯಲ್ಲ, ನೀರಿನ ಆವಿ. ಹೊಗೆ ಹೋಗುವುದು ಎತ್ತರದ ಸಪೂರ ಚಿಮಣಿಯಿಂದ ಎಂಬುದನ್ನೂ ಅಲ್ಲೇ ಹೇಳಲಿ. ಎಷ್ಟೋ ಚಾರ್ಟುಗಳಲ್ಲಿ ಅದನ್ನು ತಪ್ಪಾಗಿ ಬರೆದಿರುತ್ತಾರೆ.

ಮಾದರಿಯ ವಿಚಾರ. ಅಂಗಡಿಯ ಥರ್ಮೋಕೋಲ್ ಗಾಳಿಯಂತ್ರ ಬೇಡ. ಅದರಲ್ಲಿ ಮಗು ಮಾಡುವುದು ಹೆಸರಿನ ಚೀಟಿ ಅಂಟಿಸುವುದಷ್ಟೇ. ಕೆಟ್ಟ ಆಟಿಕೆ ಕಾರಿನಿಂದ ಸಣ್ಣ ಮೋಟಾರ್ ಬಿಚ್ಚಿ, ಅದರ ಎರಡು ತಂತಿಗೆ ಒಂದು ಕೆಂಪು ಎಲ್‌ಇಡಿ ಕಟ್ಟಿ. ಮೋಟಾರಿನ ಕಡ್ಡಿಗೆ ದಾರ ಸುತ್ತಿ ರಭಸವಾಗಿ ಎಳೆದರೆ ದೀಪ ಮಿಂಚುತ್ತದೆ. ಕರೆಂಟ್ ಕೊಟ್ಟರೆ ತಿರುಗುವ ಮೋಟಾರನ್ನು ನಾವೇ ತಿರುಗಿಸಿದರೆ ಅದು ಕರೆಂಟ್ ಕೊಡುತ್ತದೆ. ಪಕ್ಕದಲ್ಲಿ ಮೂರು ಗಿರಗಿಟ್ಲೆ ನಿಲ್ಲಿಸಿ, ಗಾಳಿ, ನೀರು, ಹಬೆ ಎಂದು ಅವಳ ಕೈಯಲ್ಲೇ ಬರೆಸಿ. ಮುಖಗಳ ಚಿತ್ರ ಬೇಡ. ದೀಪ ಹತ್ತದಿದ್ದರೆ ಮೋಟಾರ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಎಲ್‌ಇಡಿಯ ಎರಡು ಕಾಲು ಅದಲುಬದಲು ಮಾಡಿ ನೋಡಿ, ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಆಗಲೂ ಹತ್ತದಿದ್ದರೆ ದಾರವನ್ನು ಇನ್ನಷ್ಟು ಜೋರಾಗಿ ಎಳೆಯಬೇಕು. ಆ ಕೆಲಸ ಅಪ್ಪನಿಗೆ ಬಿಡಿ.